ಸಣ್ಣಜ್ಜನ ಹೊಲಕ್ಕೆ ಉತಾರವಿಲ್ಲ

ಸೃಷ್ಟಿ, ಸಮರ್ಥ, ಇಬ್ಬರೂ ಕೇಳಿ. ನಿಮ್ಮ ಸಣ್ಣಜ್ಜ ಲಕ್ಷ್ಮೇಶ್ವರದ ಬಹಳ ದೊಡ್ಡ ಜಮೀನುದಾರರಾಗಿದ್ದರು. ನಗಬೇಡಿ! ಬಾವಿ, ಎತ್ತು, ಚಕ್ಕಡಿ, ಮಾವಿನ ಗಿಡ, ಏನಿರಲಿಲ್ಲ ಹೇಳಿ? ಕಾಲಿಗೆ ಮಾತ್ರ ಎಂದೂ ಮಣ್ಣು ಹತ್ತಲಿಲ್ಲ. ಏಕೆಂದರೆ ಆ ಹೊಲ ಇದ್ದದ್ದು ಅವರ ಮೊಬೈಲಿನಲ್ಲಿ.

ನಿಮ್ಮ ಅಜ್ಜ ಮತ್ತು ಅವರ ಈ ತಮ್ಮ ಆಯುಷ್ಯವೆಲ್ಲ ಕಾಳಿನ ಅಂಗಡಿಯಲ್ಲಿ ಕೂತವರು. ಶಿರಹಟ್ಟಿ, ಮುಂಡರಗಿ ಕಡೆಯ ಶೇಂಗಾ, ಹೆಸರು, ಕಡಲೆ ತೂಗಿದ್ದೇ ತೂಗಿದ್ದು. ತಮ್ಮದೆನ್ನಲು ಒಂದು ಬದು ಕೂಡ ಇರಲಿಲ್ಲ. ಅಂಗಡಿ ಬಿಟ್ಟ ಮೇಲೆ ನಿಮ್ಮ ಅಪ್ಪ ಇಬ್ಬರ ಫೋನಿಗೂ ಹೊಲ ಮಾಡುವ ಆಟ ಹಾಕಿಕೊಟ್ಟ. ಬೆರಳಿನಿಂದ ಒತ್ತಿದರೆ ಬಿತ್ತಿಗೆ, ಇನ್ನೊಮ್ಮೆ ಒತ್ತಿದರೆ ನೀರು. ಅಣ್ಣತಮ್ಮ ಪಡಸಾಲೆಯಲ್ಲಿ ಎದುರುಬದುರು ಕೂತು, ಒಂದೂ ಮಾತಿಲ್ಲದೆ ಬಿತ್ತುವರು. ನಿಮ್ಮ ಅಜ್ಜ ತೀರಿಕೊಂಡ ಮೇಲೆ ಸಣ್ಣಜ್ಜ ಒಬ್ಬರೇ ಬಿತ್ತತೊಡಗಿದರು. ಲಗ್ನವಾಗದ ಮನುಷ್ಯ, ನಮ್ಮ ಮನೆಯಲ್ಲೇ ಇರುವವರು, ಅತ್ತಿಗೆಯಾದ ನನ್ನನ್ನು ವೈನಿ ಎನ್ನುವವರು. ಮನಸ್ಸಿಗೆ ಅದೊಂದಾದರೂ ಇರಲಿ ಎಂದು ನಾನು ಸುಮ್ಮನಿದ್ದೆ.

ಸುಮ್ಮನಿದ್ದೆ ಅಂದರೆ ನಿಶ್ಚಿಂತೆಯಿಂದಿದ್ದೆ ಅಂತಲ್ಲ! ಫೋನೆಂದರೆ ನನಗೆ ಮೊದಲಿನಿಂದಲೂ ಎದೆ ಡವಡವ. ಹಳ್ಳಿಯ ಶಾಲೆಯಲ್ಲಿ ಕಲಿತವಳು. ಗುರುತಿಲ್ಲದವರು ಬಾಗಿಲಿಗೆ ಬಂದರೆ ಕದದ ಹಿಂದೆ ನಿಂತು ಮಾತಾಡುವವಳು. ಅದರೊಳಗೆ ಯಾರು ಯಾರು ಕೂತು ನಮ್ಮನ್ನು ನೋಡುತ್ತಿರುತ್ತಾರೋ, ಯಾರಿಗೆ ಗೊತ್ತು? ಈ ಸಂಶಯ ಸಣ್ಣಜ್ಜನಿಗೂ ಇತ್ತು, ನನಗಿಂತ ಜೋರಾಗಿಯೇ ಇತ್ತು. ಮನೆಯ ಮಾತು ಶುರುವಾಯಿತೆಂದರೆ ಫೋನನ್ನು ಎತ್ತಿ ಹೊರಗೆ ಕಟ್ಟೆಯ ಮೇಲೆ, ಚಪ್ಪಲಿಗಳ ಸಾಲಿನಲ್ಲಿ ಇಟ್ಟು ಬರುವರು.

“ಅದಕ ಕಿವಿ ಅದಾವ ವೈನಿ. ನಾವು ಲಗ್ನದ ಮಾತಾಡಿದ್ರ ಸಾಕು, ಸೀರಿ ಜಾಹೀರಾತು ಬರತೈತಿ!”

“ಕಟ್ಟಿ ಮ್ಯಾಲಿಂದ ಕಳ್ಳರು ಒಯ್ದ್ರ?” ಎಂದು ನಾನು.

“ಕಳ್ಳ ಒಯ್ದ್ರ ಒಂದ ಸಲ ಒಯ್ತಾನ. ಇದು ದಿನಾ ಒಯ್ಯಾಕತ್ತೈತಿ!”

ಹೀಗಿರುವಾಗ ಆ ಆಟ ಒಂದು ದಿನ, ಫೋನಿನಲ್ಲಿರುವ ಎಲ್ಲರ ನಂಬರು ನೋಡಲು ಒಪ್ಪಿಗೆ ಕೇಳಿತು. ನೀವಾದರೆ ಓದದೆಯೇ ಒತ್ತಿಬಿಡುತ್ತೀರಿ, ನನಗೆ ಗೊತ್ತಿಲ್ಲವೇ! ಸಣ್ಣಜ್ಜ ಒತ್ತಲಿಲ್ಲ. “ನಂಬರ್ ಅವರವು. ಅವರನ್ನ ಕೇಳದ ನಾ ಹ್ಯಾಂಗ ಕೊಡ್ಲಿ?” ಎಂದವರೇ ಒಬ್ಬೊಬ್ಬರಿಗೂ ಫೋನು ಹಚ್ಚಿದರು. ಹಾಲಿನವನಿಗೆ, ಗದಗಿನ ಡಾಕ್ಟರಿಗೆ, ಕೊನೆಗೆ ಮುಳಗುಂದದ ಬೀಗರಿಗೆ.

“ನಿಮ್ಮ ನಂಬರ್ ಕೇಳಾಕತ್ತಾರ್ರಿ. ಕೊಡ್ಲೋ ಬ್ಯಾಡೋ?”

ಬೀಗರ ಮನೆಯಲ್ಲಿ ಲಗ್ನಕ್ಕೆ ಬಂದ ಮಗಳು. ಅವರು ಹಿಗ್ಗಿಹೋದರು. “ಕೊಡ್ರಿ, ಕೊಡ್ರಿ! ಎಲ್ಲೆವ್ರು? ಹುಡುಗ ಏನ್ ಮಾಡ್ತಾನ್ರಿ?”

“ಹುಡುಗ ಗಿಡುಗ ನಂಗೊತ್ತಿಲ್ರಿ. ದೊಡ್ಡ ಕಂಪನಿ ಐತಿ, ಪರದೇಶದ್ದು.”

ಸಂಜೆಯೊಳಗೆ ಹುಡುಗಿಯ ಫೋಟೋ, ಜಾತಕ ಎರಡೂ ಬಂದವು! ಆಮೇಲೆ ಬೀಗಿತ್ತಿಯ ಮುಂದೆ ಹೇಗೆ ಮುಖ ತೋರಿಸುವುದೆಂದು ನಾನು ಹೆದರಿದ್ದು ನನಗೇ ಗೊತ್ತು.

ಸೀಗಿ ಹುಣ್ಣಿಮೆಯ ಕಥೆ ಕೇಳಿದ್ದೀರಾ? ಆ ದಿನ ಹೊಲವಿದ್ದವರು ಅಡುಗೆ ಕಟ್ಟಿಕೊಂಡು ಹೋಗಿ, ಬೆಳೆಗೆ ನಾಲ್ಕೂ ದಿಕ್ಕಿನಲ್ಲಿ ಅದನ್ನೇ ಚರಗವೆಂದು ಚೆಲ್ಲುತ್ತಾರೆ. ಸಣ್ಣಜ್ಜ ಮುಂಜಾನೆಯೇ ಅಡುಗೆಮನೆಯ ಬಾಗಿಲಲ್ಲಿ ನಿಂತರು. “ವೈನಿ, ಚರಗಕ್ಕ ಮಾಡ್ರಿ. ಭೂಮಿತಾಯಿ ಬಸರದಾಳ.” ಯಾವ ಭೂಮಿತಾಯಿ! ಆದರೂ ಕಡಬು, ಪಲ್ಯ, ಅನ್ನ, ಸಾರು ಮಾಡಿದೆ. ಅವರು ಫೋನನ್ನು ಮಣೆಯ ಮೇಲೆ ಮಲಗಿಸಿ, ಕುಂಕುಮವಿಟ್ಟು, ಅದರ ಮೇಲೆಯೇ ಚರಗ ಚೆಲ್ಲಿಬಿಟ್ಟರು! ಫೋನು ಕಣ್ಣುಮುಚ್ಚಿತು.

ಗದಗಿನ ರಿಪೇರಿ ಅಂಗಡಿಯವನು ಚಾರ್ಜರ್ ಚುಚ್ಚುವ ತೂತಿನಿಂದ ಸೂಜಿಯಲ್ಲಿ ಅನ್ನದ ಅಗುಳು ತೆಗೆಯುತ್ತ ಕೇಳಿದ, “ಯಜಮಾನ್ರ, ಫೋನಿಗೆ ಊಟಾ ಮಾಡ್ಸೀರೇನು?”

“ಫೋನಿಗಲ್ಲೋ ತಮ್ಮಾ, ಹೊಲಕ್ಕ!”

“ಹಂಗಾರ ಮುಂದಿನ ಸಲ ಸಾರು ಬ್ಯಾಡ್ರಿ. ಒಣಾ ರೊಟ್ಟಿ ಸಾಕು ಅದಕ!”

ಇಲ್ಲಿಯವರೆಗೆ ನಗುತ್ತ ಬರೆದೆ. ಒಂದು ಮುಂಜಾನೆ ಆಟದಲ್ಲಿ ಸುದ್ದಿ ಬಂತು: ತಿಂಗಳ ಕೊನೆಗೆ ಕಂಪನಿಯವರು ಆಟವನ್ನೇ ಮುಚ್ಚುತ್ತಾರಂತೆ. ಸಣ್ಣಜ್ಜ ಅಂದು ರೊಟ್ಟಿ ಮುಟ್ಟಲಿಲ್ಲ. ಮರುದಿನವೂ ಇಲ್ಲ. ಬೀಪಿ ಗುಳಿಗೆ ಕೊಟ್ಟರೆ ಅಂಗೈಯಲ್ಲಿ ಹಿಡಿದುಕೊಂಡೇ ಕೂತರು, ಅದು ಬೆವರಿಗೆ ಕರಗಿತು. ನನ್ನ ಜೀವ ಹಾರಿತು. ಆಟ ಹೋದರೆ ಯಾರಾದರೂ ಹೀಗೆ ಕೂಡುತ್ತಾರೆಯೇ? ಇವರಿಗೇನಾದರೂ ಆದರೆ ನಾನು ಈ ಮನೆಯಲ್ಲಿ ಯಾರೊಂದಿಗೆ ಮಾತಾಡಲಿ? ನಿಮ್ಮ ಅಪ್ಪನಿಗೆ ಫೋನು ಮಾಡೋಣವೆಂದರೆ ಫೋನು ಅವರ ಕೈಯಲ್ಲೇ ಇತ್ತು!

ಆಮೇಲೆ ಎದ್ದು ಧೋತರ ಸರಿಮಾಡಿಕೊಂಡು ವಕೀಲರ ಹತ್ತಿರ ಹೊರಟರು. ದಾರಿಯಲ್ಲಿ ತಲೆ ತಿರುಗಿ ಬಿದ್ದಾರೆಂದು ನಾನೂ ಸೆರಗು ಹೊದ್ದುಕೊಂಡು ಹಿಂದೆಯೇ ನಡೆದೆ. ವಕೀಲರ ಕೋಣೆಯನ್ನು ನಾನು ಕಂಡದ್ದು ಅದೇ ಮೊದಲು.

ವಕೀಲರು ಫೋನನ್ನು ಹಿಂದೆಮುಂದೆ ನೋಡಿದರು. “ಈ ಹೊಲದ ಉತಾರ, ಪಹಣಿ ಎಲ್ಲಾ ಕಂಪನಿ ಹೆಸರಲೆ ಐತ್ರಿ. ಆಟ ಹಾಕ್ಕೊಂಡ ದಿನಾನ ನೀವು ಒಪ್ಪಿಗಿ ಒತ್ತೀರಿ. ನೀವು ಬರೇ ಉಳಾವ್ರು, ಮಾಲಕರಲ್ಲ.”

ಸಣ್ಣಜ್ಜ ಮೇಜು ಗುದ್ದಿದರು. “ಉಳಾವಂದ ಹೊಲ ಅಂತ ಸರಕಾರ ಕಾನೂನ ಮಾಡಿಲ್ಲೇನ್ರಿ? ನಾ ದಿನಾ ಉಳತೀನಿ! ಹಾಕ್ರಿ ಕೇಸು!”

ವಕೀಲರು ಫೋನನ್ನು ಮೆಲ್ಲಗೆ ಸಣ್ಣಜ್ಜನ ಕಡೆ ಸರಿಸಿದರು. “ಅದು ಮಣ್ಣಿನ ಹೊಲಕ್ಕರಿ, ಯಜಮಾನ್ರ,” ಎಂದರು.

ಹೊರಗೆ ಬಂದು ಬೇವಿನ ಗಿಡದ ಕಟ್ಟೆಯ ಮೇಲೆ ಕುಳಿತೆವು.

“ಹೋಗ್ಲಿ ಬಿಡ್ರಿ ತಮ್ಮಾ. ಬ್ಯಾರೆ ಆಟ ಹಾಕ್ಕೊಂಡ್ರಾತು,” ಎಂದೆ.

“ನನ್ನ ಹೊಲ ಹೋದ್ರ ಹೋಗ್ಲಿ ವೈನಿ. ಅಣ್ಣಂದೂ ಹೋಗತೈತಲ್ರಿ.”

ಫೋನನ್ನು ನನ್ನ ಕಡೆ ತಿರುಗಿಸಿದರು. ಬದುವಿನ ಆಚೆ ಇನ್ನೊಂದು ಹೊಲ. ಹಚ್ಚಗೆ ನಿಂತಿತ್ತು, ಒಂದು ಕಸವಿಲ್ಲ. ಆ ಆಟದಲ್ಲಿ ಒಡೆಯ ಬಾರದಿದ್ದರೆ ಬೆಳೆ ಒಣಗುತ್ತದಂತೆ. ಆದರೆ ನೆರೆಹೊಲದವರು ನೀರು ಹಾಯಿಸಬಹುದಂತೆ. ನಿಮ್ಮ ಅಜ್ಜ ಹೋದಂದಿನಿಂದ ಇವರು ದಿನಾ ಮೊದಲು ಅಣ್ಣನ ಹೊಲಕ್ಕೆ ನೀರು ಹಾಯಿಸಿ, ಆಮೇಲೆ ತಮ್ಮದಕ್ಕೆ ಹಾಯಿಸುತ್ತಿದ್ದರು. ನನಗೆ ಒಂದು ಮಾತು ಹೇಳಿರಲಿಲ್ಲ.

ಆ ಹೊಲದ ಮೂಲೆಯಲ್ಲಿ ಒಂದು ಸಣ್ಣ ಹಲಗೆ. ಹೊಲಕ್ಕೆ ಹೆಸರಿಡಲು ಆಟದವರು ಕೊಟ್ಟದ್ದು. ಅದರ ಮೇಲೆ ನನ್ನ ಹೆಸರಿತ್ತು. ನಿಮ್ಮ ಅಜ್ಜ ಸಂಸಾರ ಮಾಡಿದಷ್ಟು ದಿನವೂ ನನ್ನನ್ನು “ಕೇಳಿಲ್ಲಿ” ಎಂದೇ ಕರೆದವರು, ಒಮ್ಮೆಯೂ ಹೆಸರು ಹಿಡಿಯಲಿಲ್ಲ. ಎದುರಿಗೇ ಕೂತು ಅದನ್ನು ಯಾವಾಗ ಬರೆದರೋ! ಆ ಹೆಸರನ್ನು ಇಲ್ಲಿ ಬರೆಯಲು ನನಗೆ ನಾಚಿಕೆ. ನಿಮ್ಮ ಅಪ್ಪನನ್ನು ಕೇಳಿಕೊಳ್ಳಿ.

“ಇವತ್ತ ನೀವ ನೀರ ಹಾಕ್ರಿ, ವೈನಿ.”

“ಒಲ್ಲೆಪಾ! ಏನರ ಕೆಟ್ಟಗಿಟ್ಟರ?”

“ಏನ್ ಕೆಡತೈತ್ರಿ? ನಿಮ್ಮ ಹೊಲ.”

ಬೆರಳಿಟ್ಟೆ. ನೀರು ಬಂತು.

ಆಟ ಮುಚ್ಚುವ ತನಕ ದಿನಾ ಮುಂಜಾನೆ ಇಬ್ಬರೂ ಪಡಸಾಲೆಯಲ್ಲಿ ಕೂತು ನೀರು ಹಾಯಿಸಿದೆವು. ಸಣ್ಣಜ್ಜ ರೊಟ್ಟಿ ತಿನ್ನತೊಡಗಿದರು. ಕೊನೆಯ ಬೆಳೆಯನ್ನು ಕೊಯ್ಯಲಿಲ್ಲ, ನಿಂತಿರಲಿ ಎಂದು ಬಿಟ್ಟೆವು. ಮರುದಿನ ಒತ್ತಿದರೆ ಬರೀ ಬಿಳಿ. ಫೋಟೋ ತೆಗೆದಿಡಬೇಕೆಂಬ ಬುದ್ಧಿ ಇಬ್ಬರಿಗೂ ಹೊಳೆದಿರಲಿಲ್ಲ.

ಅದಕ್ಕೇ ಕೈಯಿಂದ ಬರೆದೆ, ಮಕ್ಕಳೇ. ಈ ಹಾಳೆಗಳನ್ನು ಫೋನಿನೊಳಗೆ ಇಳಿಸಿಕೊಂಡು ಎಸೆದುಬಿಡಬೇಡಿ. ಒರಲೆ ಹತ್ತದಂತೆ, ತೇವ ತಾಗದಂತೆ ಎಲ್ಲಾದರೂ ಜೋಪಾನವಾಗಿಡಿ. ನಿಮ್ಮ ಅಜ್ಜನದೊಂದು ಹೊಲವಿತ್ತು ಎಂದು ಕೈಹಿಡಿದು ಕರೆದುಕೊಂಡು ಹೋಗಿ ತೋರಿಸಲು ನನಗೆ ಬೇರೆ ಜಾಗವಿಲ್ಲ.