ಬೆಂಚು ಕಚೇರಿಯ ಸ್ಪ್ರೇ ಗನ್ನು

ಊರಿನ ಸಾರ್ವಜನಿಕ ಬೆಂಚುಗಳೆಲ್ಲವೂ ಹಸಿರು ಬಣ್ಣದಲ್ಲಿ ಇರತಕ್ಕದ್ದು. ಇದು ಬೆಂಚು ನಿರ್ವಹಣಾ ಕಚೇರಿಯ ಮೊದಲನೆಯ ನಿಯಮ. ಹಸಿರಲ್ಲದ ಬೆಂಚು ಕಂಡುಬಂದಲ್ಲಿ ಅದನ್ನು ಬೆಂಚೆಂದು ಪರಿಗಣಿಸತಕ್ಕದ್ದಲ್ಲ ಎಂಬುದು ಎರಡನೆಯದು. ಮೂರನೆಯ ನಿಯಮವೂ ಗೋಡೆಯ ಮೇಲಿದೆ. ಅದರ ಮುಂದೆ ಕಪಾಟು ನಿಲ್ಲಿಸಿರುವುದರಿಂದ ಅದನ್ನು ಎಲ್ಲರೂ ಪಾಲಿಸುತ್ತಿದ್ದಾರೆಂದು ಭಾವಿಸಲಾಗಿದೆ.

ಈ ಕಚೇರಿಯಲ್ಲಿ ಬಣ್ಣ ಹಚ್ಚುವವಳು ಒಬ್ಬಳೇ. ಅವಳನ್ನು ಬಣ್ಣದಕ್ಕ ಎಂದು ಕರೆಯುತ್ತಿದ್ದರು. ಉಳಿದವರಲ್ಲಿ ಕೆಲವರು ಬಣ್ಣ ಹಚ್ಚಿಸುವವರು, ಕೆಲವರು ಹಚ್ಚಿದ್ದನ್ನು ನೋಡುವವರು, ಮಿಕ್ಕವರು ನೋಡಿದವರು ಸರಿಯಾಗಿ ನೋಡಿದರೇ ಎಂದು ನೋಡುವವರು. ಬಣ್ಣದಕ್ಕನಿಗೆ ಕುಂಚದ ಮೇಲೆ ಎಷ್ಟು ಹಿಡಿತವಿತ್ತೋ ನಾಲಿಗೆಯ ಮೇಲೆ ಅಷ್ಟಿರಲಿಲ್ಲ. ಆದ್ದರಿಂದ ಅವಳ ತಂಟೆಗೆ ಯಾರೂ ಹೋಗುತ್ತಿರಲಿಲ್ಲ, ಅವಳ ಸಂಬಳವೂ ಹೆಚ್ಚುವ ಗೋಜಿಗೆ ಹೋಗಿರಲಿಲ್ಲ.

ಹೀಗಿರುವಾಗ ಪಕ್ಕದ ಕಂಬ ನಿರ್ವಹಣಾ ಕಚೇರಿಯವರು ಸ್ಪ್ರೇ ಗನ್ನು ತರಿಸಿದರು. ಬೆಂಚು ಯಾವ ವಿಧದಲ್ಲೂ ಕಂಬಕ್ಕಿಂತ ಕೀಳಲ್ಲವೆಂದು ನಮ್ಮ ನಿರ್ದೇಶಕರೂ ಒಂದನ್ನು ತರಿಸಿದರು. ಅದರ ನೆತ್ತಿಯ ಮೇಲೆ ಲೋಟದಂಥ ಡಬ್ಬಿ. ಅದರೊಳಗೆ ಬಣ್ಣ ಸುರಿದರೆ ಬಣ್ಣ ತನ್ನ ಭಾರಕ್ಕೆ ತಾನೇ ಕೆಳಗಿಳಿಯುತ್ತದೆ. ಕಂಪ್ರೆಸರಿನಿಂದ ಕೊಳವೆಯಲ್ಲಿ ಬಂದ ಗಾಳಿ ಅದನ್ನು ಮಂಜಿನಂತೆ ಒಡೆದು ಮುಂದಕ್ಕೆ ತಳ್ಳುತ್ತದೆ. ಹೀಗೆಂದು ಬಣ್ಣದಕ್ಕ ವಿವರಿಸಿದಾಗ ಸಭೆಯವರು ಹಳೆಯ ಕಡತಗಳನ್ನು ತಿರುವಿ ನೋಡಿದರು. ಈ ಕಚೇರಿಯಲ್ಲಿ ಅದುವರೆಗೆ ಯಾವುದೂ ಮೇಲಿನಿಂದ ಕೆಳಕ್ಕೆ ತಾನಾಗಿಯೇ ಇಳಿದು ಬಂದ ಉದಾಹರಣೆ ಇರಲಿಲ್ಲ. ಕೊನೆಗೆ ಬಣ್ಣಕ್ಕೆ ಇಳಿಯಲು ಅನುಮತಿ ನೀಡಿ ಠರಾವು ಮಾಡಿದರು. ಅದೇ ದಿನ ಉಗ್ರಾಣದವನು ಡಬ್ಬಿಯ ಮುಚ್ಚಳದಲ್ಲಿ ಸಣ್ಣ ತೂತೊಂದನ್ನು ಕಂಡು, ಕಂಪನಿಯವರು ಮೋಸ ಮಾಡಿದ್ದಾರೆಂದು ಅದನ್ನು ಮೇಣದಿಂದ ಮುಚ್ಚಿದ. ಗಾಳಿಯಾಡದೆ ಬಣ್ಣ ಇಳಿಯುವುದು ನಿಂತಿತು. ಠರಾವಿನ ಭಾಷೆ ಸರಿಯಿಲ್ಲವೆಂದು ಎರಡನೆಯ ಸಭೆ ಕರೆದರು. ಬಣ್ಣದಕ್ಕ ತಲೆಯಿಂದ ಪಿನ್ನು ತೆಗೆದು ತೂತು ಬಿಡಿಸಿದಳು. ಬಣ್ಣ ಇಳಿಯಿತು. ಎರಡನೆಯ ಠರಾವಿನ ಭಾಷೆಯನ್ನು ಎಲ್ಲರೂ ಹೊಗಳಿದರು.

ಗನ್ನೆಂದರೆ ಬಣ್ಣದಕ್ಕನಿಗೆ ಹೊಸದೇನಲ್ಲ. ಮದುವೆಗೆ ಮುಂಚೆ ತವರಿನ ಹತ್ತಿರದ ಗ್ಯಾರೇಜಿನಲ್ಲಿ ಅದನ್ನು ಹಿಡಿದಿದ್ದಳು. ಆಗ ಯಾರೂ ಅವಳಿಗೆ ಮಾಸ್ಕ್ ಕೊಟ್ಟಿರಲಿಲ್ಲ. ಬೇಸಿಗೆಯುದ್ದಕ್ಕೂ ಕೆಮ್ಮಿದಳು. ಕೆಂಪು ಕಾರಿನ ದಿನ ಕೆಂಪಗೆ ಉಗುಳಿದಳು, ನೀಲಿ ಕಾರಿನ ದಿನ ನೀಲಿಯಾಗಿ. ಮಳೆಗಾಲ ಬಂದು ಹೋದರೂ ಎದೆಯಲ್ಲಿ ಗೊರಗೊರ ನಿಂತಿರಲಿಲ್ಲ. ಹಾಗಾಗಿ ಗನ್ನಿನ ಪೆಟ್ಟಿಗೆ ಬಿಚ್ಚಿದ ಕ್ಷಣವೇ ಅವಳು ಹೇಳಿಬಿಟ್ಟಳು: ಎರಡೂ ಕೆನ್ನೆಗೆ ಸೋಸುವ ಬಿಲ್ಲೆಗಳಿರುವ ಸರಿಯಾದ ಮಾಸ್ಕ್ ತನ್ನ ಮೂತಿಗೆ ಬಂದು ಕೂರದ ಹೊರತು ಟ್ರಿಗರಿಗೆ ಬೆರಳು ತಾಗಿಸುವವಳಲ್ಲ. ಕರವಸ್ತ್ರ ಕಟ್ಟಿಕೋ ಎಂದವರ ಕರವಸ್ತ್ರ ಅವರ ಬಾಯೊಳಗೇ ಹೋದೀತು.

ಇದು ನ್ಯಾಯವಾದ ಬೇಡಿಕೆಯೆಂದು ಕಚೇರಿ ಕೂಡಲೇ ಒಪ್ಪಿತು. ಒಪ್ಪಿ, ಒಬ್ಬ ಸುರಕ್ಷತಾ ಅಧಿಕಾರಿಯನ್ನು ನೇಮಿಸಿತು.

ಆ ಅಧಿಕಾರಿ ಬಣ್ಣದಕ್ಕನ ಭಾವನೇ, ಗಂಡನ ಅಣ್ಣ. ಅದುವರೆಗೆ ಅದೇ ಕಚೇರಿಯಲ್ಲಿ ಬೆಂಚುಗಳ ಅಗಲ ನೋಡಿಕೊಳ್ಳುತ್ತಿದ್ದ. ಮನೆಯಲ್ಲಿ ಕುಕ್ಕರ್ ಕೂಗಿದರೆ ಅಂಗಳಕ್ಕೆ ಹೋಗಿ ನಿಲ್ಲುವವನು, ಆದ್ದರಿಂದ ಹುದ್ದೆಗೆ ಅರ್ಹನೆಂದು ಕಂಡುಬಂದಿತು. ಅವನು ಗನ್ನಿನ ಜೊತೆ ಬಂದ ಪುಸ್ತಿಕೆಯನ್ನು ಓದಿ, ತನ್ನ ಅನುಭವವನ್ನೂ ಸೇರಿಸಿ ಪ್ರಕಟಣೆ ಹೊರಡಿಸಿದ.

"ಗನ್ನನ್ನು ಮನುಷ್ಯರ ಕಡೆಗೆ ಹಿಡಿಯಕೂಡದು. ಅಧಿಕಾರಿಗಳ ಕಡೆಗಂತೂ ಹಿಡಿಯಲೇಕೂಡದು. ಸಿಂಪಡಿಸುವ ಕೋಣೆಯ ಕಿಟಕಿಗಳನ್ನು ತೆರೆದಿಡತಕ್ಕದ್ದು. ಕಿಟಕಿಗಳಿಲ್ಲದಿದ್ದಲ್ಲಿ ಗೋಡೆಯ ಮೇಲೆ ತೆರೆದ ಕಿಟಕಿಯ ಚಿತ್ರ ಬರೆಸತಕ್ಕದ್ದು. ಹತ್ತಿರದಲ್ಲಿ ಬೆಂಕಿ ಇರಕೂಡದು. ಬೀಡಿ ಸೇದುವವರು ಬಾಗಿಲಾಚೆ ನಿಂತು ಹೊಗೆಯನ್ನು ಮಾತ್ರ ಒಳಗೆ ಬಿಡಬಹುದು. ಸಿಂಪಡಿಸುವಾಗ ಮಾಸ್ಕ್ ಕಡ್ಡಾಯ. ಮಾಸ್ಕುಗಳನ್ನು ದರ್ಜೆಗೆ ಅನುಸಾರವಾಗಿ ಮೇಲಿನಿಂದ ವಿತರಿಸಲಾಗುವುದು."

ಬಂದ ಮಾಸ್ಕ್ ಒಂದೇ. ಮೇಲಿನಿಂದ ವಿತರಿಸಿದಾಗ ಅದು ನಿರ್ದೇಶಕರಲ್ಲಿಗೇ ಮುಗಿಯಿತು.

ನಿರ್ದೇಶಕರು ಅದನ್ನು ಬೆಳಿಗ್ಗೆ ಬಂದ ಕೂಡಲೇ ಧರಿಸಿ ಸಂಜೆ ತೆಗೆಯುತ್ತಿದ್ದರು. ಅವರ ಮಾತು ಬಾವಿಯೊಳಗಿಂದ ಬಂದಂತೆ ಕೇಳುತ್ತಿತ್ತು, ಒಂದಕ್ಷರವೂ ತಿಳಿಯುತ್ತಿರಲಿಲ್ಲ. ಅಂದಿನಿಂದ ಅವರ ಆದೇಶಗಳ ಬಗ್ಗೆ ಒಂದೇ ಒಂದು ತಕರಾರು ಬರಲಿಲ್ಲ. ಆಡಳಿತ ಬಿಗಿಯಾಗಿದೆ ಎಂದು ಹೊರಗಿನವರೂ ಮೆಚ್ಚಿಕೊಂಡರು.

ಬಣ್ಣದಕ್ಕ ಉಗ್ರಾಣಕ್ಕೆ ಹೋದಳು. ಉಗ್ರಾಣದವನಿಗೆ ಇಲ್ಲಪ್ಪ ಎಂಬ ಅಡ್ಡಹೆಸರು. ಕೇಳುವವರು ಬಾಯಿ ತೆರೆಯುವುದಕ್ಕೆ ಮುಂಚೆಯೇ ಅವನು ಉತ್ತರ ಕೊಡುತ್ತಿದ್ದುದರಿಂದ ಅದು ಬಂದಿತ್ತು. ಬಣ್ಣ ಹಚ್ಚುವ ದರ್ಜೆಗೆ ಸಲ್ಲುವುದು ಅರ್ಧ ಸಾಬೂನು, ಒಂದು ಚಿಂದಿಬಟ್ಟೆ. ಮಾಸ್ಕ್ ಸಲ್ಲುವುದಿಲ್ಲ ಎಂದು ಅವನು ತಿಳಿಸಿದ. ಬೇಕಾದರೆ ಸಿಂಪಡಿಸುವಷ್ಟು ಹೊತ್ತು ಉಸಿರು ಬಿಗಿಹಿಡಿಯಲು ಅನುಮತಿ ಕೊಡಿಸಬಹುದು, ಅದಕ್ಕೆ ಮೇಲಿನವರ ಅಡ್ಡಿಯಿರಲಾರದು ಎಂದು ವಿಶ್ವಾಸದಿಂದಲೂ ಹೇಳಿದ.

"ಉಸಿರು ಬಿಡೋದಕ್ಕೆ ಬೇರೆ ಅನುಮತಿ ಬೇಕಾ?" ಎಂದಳು ಬಣ್ಣದಕ್ಕ.

"ಅದು ಮುಂದಿನ ಹಂತ. ಮೊದಲು ಹಿಡೀರಿ, ಆಮೇಲೆ ನೋಡೋಣ."

ಮನೆಯಲ್ಲಿ ಊಟಕ್ಕೆ ಕೂತಾಗ ಭಾವ ಎದುರಿಗೇ ಇದ್ದ, ಕೈ ಚಾಚಿದರೆ ಅವನ ತಟ್ಟೆ ಸಿಗುವಷ್ಟು ಹತ್ತಿರ. ಆದರೂ ಭಾವನ ಮುಖ ನೋಡಿ ಮಾತಾಡಿದರೆ ಜಗಳ ಆಗುತ್ತದೆಂದು ಬಣ್ಣದಕ್ಕ ಬಡಿಸುತ್ತಿದ್ದ ವಾರಗಿತ್ತಿಯ ಕಡೆ ತಿರುಗಿದಳು.

"ಅಕ್ಕ, ನಿಮ್ಮನೆಯವರಿಗೆ ಹೇಳಿ. ಮಾಸ್ಕ್ ಇಲ್ಲದೆ ನಾನು ಗನ್ನು ಮುಟ್ಟಲ್ಲ."

"ಕೇಳಿಸ್ತೇನ್ರೀ? ಮುಟ್ಟಲ್ವಂತೆ," ಎಂದಳು ವಾರಗಿತ್ತಿ ಗಂಡನಿಗೆ.

"ಕಚೇರಿ ವಿಷಯ ಕಚೇರೀಲಿ ಅಂತ ಹೇಳು."

"ಕಚೇರೀಲಂತೆ."

"ಕಚೇರೀಲಿ ಕೇಳಿದ್ರೆ, ನಾವು ಸಂಬಂಧಿಕರು, ಮನೇಲಿ ಮಾತಾಡೋಣ ಅಂದ್ರಲ್ಲ, ಅದನ್ನೂ ಕೇಳಿ ಅಕ್ಕ."

ವಾರಗಿತ್ತಿ ಸೌಟು ಕೆಳಗಿಟ್ಟಳು. "ನಿಮ್ಮಿಬ್ಬರ ಕಂಬಕ್ಕೆ ನಾನೊಬ್ಬಳು ತಂತಿ. ಆ ಮಾಸ್ಕ್ ಬಂದ್ರೆ ನನಗೆ ಕೊಡಿ, ನಾನು ಬಾಯಿಗೆ ಹಾಕ್ಕೊಂಡು ಆರಾಮಾಗಿರ್ತೀನಿ."

ಬಣ್ಣದಕ್ಕನ ಗಂಡ ಎಂದಿನಂತೆ ಅನ್ನ ಮಾತ್ರ ಹಾಕಿಸಿಕೊಂಡ.

ಆದರೂ ಭಾವ ಕಟುಕನಲ್ಲ. ರಾತ್ರಿಯೆಲ್ಲ ತಮ್ಮನ ಹೆಂಡತಿಯ ಎದೆಯ ಗೊರಗೊರವನ್ನು ನೆನೆದು ಒಂದು ದಾರಿ ಕಂಡುಹಿಡಿದ. ದರ್ಜೆ ಸಾಲದು ಎಂದಾದರೆ ದರ್ಜೆಯನ್ನೇ ಏರಿಸಿದರಾಯಿತು. ಬಣ್ಣದಕ್ಕನನ್ನು ಉಪ ಸಿಂಪಡಣಾಧಿಕಾರಿಯಾಗಿ ಮಾಡಿದರು. ಅವಳಿಗೆ ಕುರ್ಚಿ ಬಂತು, ಘಂಟೆ ಬಂತು, ಹೊಸ ಮಾಸ್ಕೂ ಬಂತು. ಮೂತಿಗೆ ಹಾಕಿಕೊಂಡಳು, ಎರಡು ಸಲ ಉಸಿರೆಳೆದಳು, ಕಣ್ಣಲ್ಲಿ ನೀರು ಬಂತು. ಎದ್ದು ಗನ್ನಿಗೆ ಕೈ ಹಾಕುವಷ್ಟರಲ್ಲಿ ಇಲ್ಲಪ್ಪ ಅಡ್ಡ ಬಂದ. ಅಧಿಕಾರಿಗಳು ಉಪಕರಣ ಮುಟ್ಟುವಂತಿಲ್ಲ. ಅವರ ಕೈ ಕೊಳೆಯಾದರೆ ಕಚೇರಿಯ ಮಾನ ಹೋಗುತ್ತದೆ.

ಹೀಗೆ ಮಾಸ್ಕ್ ಇದ್ದವಳಿಗೆ ಗನ್ನು ದೊರೆಯಲಿಲ್ಲ, ಗನ್ನು ಮುಟ್ಟಬಹುದಾದ ದರ್ಜೆಯಲ್ಲಿ ಬೇರೆ ಯಾರೂ ಇರಲಿಲ್ಲ. ಬಣ್ಣದಕ್ಕ ಕುರ್ಚಿಯಲ್ಲಿ ಕೂತು ಶುದ್ಧವಾದ ಗಾಳಿಯನ್ನು ಇನ್ನಷ್ಟು ಶುದ್ಧ ಮಾಡಿ ಸೇದುತ್ತ, ಘಂಟೆ ಬಾರಿಸಿ ತಾನೇ ಎದ್ದು ನೋಡುತ್ತ ಕಾಲ ಕಳೆದಳು. ಕೊನೆಗೆ ಅವಳೇ ಬೇಸತ್ತು, ತನ್ನನ್ನು ಕೆಳಗಿಳಿಸಿ ಎಂದು ಕೇಳಿಕೊಂಡಳು. ಮೇಲಿನಿಂದ ಕೆಳಕ್ಕೆ ತಾನಾಗಿಯೇ ಇಳಿದ ಎರಡನೆಯ ವಸ್ತು ಎಂದು ಅದಕ್ಕೂ ಒಂದು ಠರಾವು ಬೇಕಾಯಿತು. ಕುರ್ಚಿ ಹೋಯಿತು, ಘಂಟೆ ಹೋಯಿತು, ಮಾಸ್ಕೂ ಹೋಯಿತು. ಅದನ್ನು ನಿರ್ದೇಶಕರ ಮಾಸ್ಕ್ ಒಗೆಯಲು ಹಾಕಿದಾಗ ಬಳಸುವ ಎರಡನೆಯ ಮಾಸ್ಕ್ ಎಂದು ತೀರ್ಮಾನಿಸಲಾಯಿತು.

ಅಷ್ಟರಲ್ಲಿ ಮೇಲಿನ ಕಚೇರಿಯಿಂದ ತಪಾಸಣೆಗೆ ಒಬ್ಬ ಮೇಡಂ ಬರುವ ಸುದ್ದಿ ಬಂತು. ಅಂಗಳದ ದೊಡ್ಡ ಬೆಂಚು, ಕಚೇರಿಯ ಮಾದರಿ ಬೆಂಚು, ಗನ್ನಿನ ನಿರೀಕ್ಷೆಯಲ್ಲಿ ತುಕ್ಕು ಕೆರೆಸಿಕೊಂಡು ಬರಿಮೈಯಲ್ಲಿ ಕಾಯುತ್ತಿತ್ತು. ಹಸಿರಲ್ಲದ್ದರಿಂದ ನಿಯಮದ ಪ್ರಕಾರ ಅದು ಬೆಂಚಲ್ಲ. ಬೆಂಚೇ ಇಲ್ಲದ ಬೆಂಚು ಕಚೇರಿಯನ್ನು ಮೇಡಂ ಏನೆಂದು ಕರೆದಾರು ಎಂಬ ಯೋಚನೆ ಬಂದು ನಿರ್ದೇಶಕರ ಮಾಸ್ಕಿನೊಳಗೆ ಬೆವರು ಇಳಿಯಿತು.

ಮೇಡಂ ಬರುವ ಬೆಳಿಗ್ಗೆ ಬಣ್ಣದಕ್ಕ ಎಲ್ಲವನ್ನೂ ಸಿದ್ಧಮಾಡಿದ್ದಳು. ಥಿನ್ನರ್ ಬೆರೆಸಿ ಬಣ್ಣ ತೆಳು ಮಾಡಿದ್ದಳು, ಬಲೆಬಟ್ಟೆಯಲ್ಲಿ ಸೋಸಿದ್ದಳು, ಕೊಳವೆಯ ಕೊಂಡಿಗಳನ್ನು ಎಳೆದು ನೋಡಿದ್ದಳು, ಕಂಪ್ರೆಸರಿನ ಒತ್ತಡದ ಮುಳ್ಳು ಎಲ್ಲಿರಬೇಕೋ ಅಲ್ಲಿ ನಿಲ್ಲಿಸಿದ್ದಳು. ಪರೀಕ್ಷೆಗೆಂದು ಒಂದು ರಟ್ಟನ್ನೂ ಗೋಡೆಗೆ ಒರಗಿಸಿದ್ದಳು. ಇಷ್ಟಾದ ಮೇಲೆ ಕೈಕಟ್ಟಿ ನಿಂತಳು.

ನಿರ್ದೇಶಕರು ಮಾಸ್ಕಿನೊಳಗಿಂದ ಬಹಳ ಹೊತ್ತು ಮಾತಾಡಿದರು. ಕೈಸನ್ನೆಯಿಂದ ಅದು ಬೇಡಿಕೊಳ್ಳುವಿಕೆ ಎಂದು ತಿಳಿಯುತ್ತಿತ್ತು. ಬಣ್ಣದಕ್ಕ ಜಗ್ಗಲಿಲ್ಲ. ಮೂಗು ಹಿಡಿದರೆ ಬಾಯಿ ತೆರೆಯುತ್ತದೆ ಎನ್ನುತ್ತಾರಲ್ಲ, ಹಾಗೆ ನಿರ್ದೇಶಕರು ಕಡೆಗೆ ಮಾಸ್ಕ್ ಕಳಚಿದರು. ಅವರ ಮುಖವನ್ನು ಬಹಳ ಕಾಲದಿಂದ ನೋಡಿರದ ಕಾವಲುಗಾರ ಇವರು ಯಾರು, ಯಾರನ್ನು ನೋಡಬೇಕಿತ್ತು ಎಂದು ವಿಚಾರಿಸಿದ.

"ತಗೊಳ್ಳಿ," ಎಂದರು ನಿರ್ದೇಶಕರು.

ಬಣ್ಣದಕ್ಕ ಕೈ ಚಾಚಿದಳು. ಇಲ್ಲಪ್ಪ ನಡುವೆ ಬಂದ.

"ಈಯಮ್ಮನ ದರ್ಜೆಗೆ ಕೊಡೋ ಹಾಗಿಲ್ಲ ಸಾರ್. ಗನ್ನು ತಮ್ಮ ಹೆಸರಲ್ಲಿ ಬಂದಿರೋದು. ತಮ್ಮ ಮಾಸ್ಕ್ ಗನ್ನಿಗೆ ಬೇಕಾದ್ರೆ ಕೊಡಬಹುದು. ಇವಳಿಗೆ ಕೊಟ್ಟರೆ ನಾಳೆ ನಾನು ಉತ್ತರ ಹೇಳಬೇಕಾಗತ್ತೆ."

ಎಲ್ಲರೂ ಸುರಕ್ಷತಾ ಅಧಿಕಾರಿಯ ಮುಖ ನೋಡಿದರು. ಭಾವ ತಾನು ಹೊರಡಿಸಿದ ಪ್ರಕಟಣೆಯನ್ನು ಮನಸ್ಸಿನಲ್ಲೇ ಓದಿಕೊಂಡ. ಸಿಂಪಡಿಸುವಾಗ ಮಾಸ್ಕ್ ಕಡ್ಡಾಯ ಎಂದಿತ್ತು. ಯಾರ ಮೂತಿಗೆ ಎಂದು ಬರೆಯಲು ಪುಸ್ತಿಕೆಯವರೂ ಮರೆತಿದ್ದರು, ಅವನೂ ಮರೆತಿದ್ದ. ಇದರಲ್ಲಿ ಬರೆಯುವುದೇನಿದೆ ಎಂದುಕೊಂಡಿದ್ದರೋ ಏನೋ.

"ಇಲ್ಲಪ್ಪ ಹೇಳೋದು ಕ್ರಮಬದ್ಧವಾಗಿದೆ," ಎಂದ ಭಾವ.

ಹೊರಗೆ ಮೇಡಂ ಕಾರು ನಿಂತ ಸದ್ದಾಯಿತು. ಬಣ್ಣದಕ್ಕನ ಸಹನೆ ಅಲ್ಲಿಗೆ ಮುಗಿಯಿತು.

"ಸರಿ ಬಿಡಿ, ಅದರ ಮೂತಿಗೇ ಹಾಕ್ತೀನಿ," ಎಂದು ಮಾಸ್ಕನ್ನು ಕಿತ್ತುಕೊಂಡು ಗನ್ನಿನ ಬಾಯಿಗೆ ತೊಡಿಸಿದಳು. ಪಟ್ಟಿಗಳನ್ನು ಡಬ್ಬಿಯ ಹಿಂದೆ ತಂದು ಬಿಗಿದಳು. ಬೆಂಚಿನಿಂದ ಒಂದು ಗೇಣು ದೂರ ಹಿಡಿದು, ಮಣಿಕಟ್ಟು ಬಾಗಿಸದೆ, ಗ್ಯಾರೇಜಿನಲ್ಲಿ ಕಲಿತಂತೆ ಕೈಯನ್ನು ಎಡದಿಂದ ಬಲಕ್ಕೆ ನೇರವಾಗಿ ಸಾಗಿಸುತ್ತ ಟ್ರಿಗರ್ ಒತ್ತಿದಳು. ಕಂಪ್ರೆಸರ್ ಗುಡುಗಿತು. ಬುಸ್ಸೆಂದು ಸದ್ದಾಯಿತು. ಮಾಸ್ಕಿನೊಳಗೆ ಬಣ್ಣ ತುಂಬಿತು. ಹೊರಗೆ ಒಂದು ಹನಿಯೂ ಹಾರಲಿಲ್ಲ. ವಾಸನೆಯಿಲ್ಲ, ಮಂಜಿಲ್ಲ. ಮಾಸ್ಕಿನ ಗಲ್ಲದಿಂದ ಹಸಿರು ತೊಟ್ಟಿಕ್ಕಿ ಕೆಳಗಿದ್ದ ಬಕೆಟ್ಟಿಗೆ ಬಿತ್ತು.

ಬೈಗುಳ ತಿನ್ನಲು ಸಿದ್ಧಳಾಗಿ ಬಣ್ಣದಕ್ಕ ತಿರುಗಿದಳು. ಅಂಗಳದ ಬಾಗಿಲಲ್ಲಿ ಮೇಡಂ ನಿಂತಿದ್ದರು, ಮೂಗಿಗೆ ಹಿಡಿಯಲೆಂದು ತಂದ ಕರವಸ್ತ್ರವನ್ನು ಮಡಿಸಿ ಚೀಲಕ್ಕೆ ಹಾಕಿಕೊಳ್ಳುತ್ತಿದ್ದರು.

ಇಷ್ಟೊಂದು ಸುರಕ್ಷಿತವಾದ ಸಿಂಪಡಣೆಯನ್ನು ತಾವು ಬೇರೆಲ್ಲೂ ಕಂಡಿಲ್ಲ ಎಂದು ಮೇಡಂ ಹೇಳಿದರು. ಕಂಬ ಕಚೇರಿಯಲ್ಲಿ ಕಣ್ಣುರಿಯಂತೆ, ತಲೆಸುತ್ತಂತೆ, ಒಬ್ಬ ಗುಮಾಸ್ತನ ಮೀಸೆ ಬೆಳ್ಳಿಬಣ್ಣಕ್ಕೆ ತಿರುಗಿದೆಯಂತೆ. ಇಲ್ಲಿ ಎಲ್ಲರೂ ಎಷ್ಟು ಚೆನ್ನಾಗಿ ಉಸಿರಾಡುತ್ತಿದ್ದಾರೆ. ಬಣ್ಣದಕ್ಕನಿಗೂ ಅದು ಆಗಷ್ಟೇ ಹೊಳೆಯಿತು. ಅವಳು ಉಸಿರಾಡುತ್ತಿದ್ದಳು. ಗಂಟಲು ಕೆರೆಯುತ್ತಿರಲಿಲ್ಲ. ತನಗೆ ಬೇಕಾಗಿದ್ದುದೂ ಅದೇ ತಾನೆ.

ಮೇಡಂ ಬೆಂಚಿನ ಹತ್ತಿರ ಬಗ್ಗಿ ನೋಡಿದರು. "ಇದಕ್ಕೆ ಬಣ್ಣ ಹತ್ತಿದ ಹಾಗೆ ಕಾಣಲ್ಲವಲ್ಲ?"

"ಈವರೆಗೆ ಅಂಥ ಒಂದೂ ಅವಘಡ ನಡೆದಿಲ್ಲ ಮೇಡಂ," ಎಂದ ಭಾವ, ಎದೆಯುಬ್ಬಿಸಿ.

ಅಷ್ಟರಲ್ಲಿ ಇಲ್ಲಪ್ಪ ಉಗ್ರಾಣದಿಂದ ಹಲಗೆಯೊಂದನ್ನು ತಂದು ಬೆಂಚಿಗೆ ತೂಗುಹಾಕಿದ: 'ಹಸಿ ಬಣ್ಣ, ಕೂರಬೇಡಿ.' ಕೇಳದೆಯೇ ಅವನು ಏನನ್ನಾದರೂ ಕೊಟ್ಟಿದ್ದು ಅದೇ ಮೊದಲು. ಮೇಡಂ ಹಲಗೆ ಓದಿ, ಸೀರೆಯನ್ನು ಹಿಂದಕ್ಕೆ ಎಳೆದುಕೊಂಡು ಎರಡು ಹೆಜ್ಜೆ ಸರಿದು ನಿಂತರು. ಬಣ್ಣ ಹಸಿಯಾಗಿರುವಾಗ ಅದರ ಮೇಲೆ ಅಭಿಪ್ರಾಯ ಹೇಳುವುದು ಸರಿಯಲ್ಲವೆಂದು ತಪಾಸಣೆಯನ್ನು ಅಲ್ಲಿಗೆ ಮುಗಿಸಿದರು.

ಆ ಪದ್ಧತಿ ಈಗ ಎಲ್ಲ ಕಚೇರಿಗಳಲ್ಲೂ ಜಾರಿಯಲ್ಲಿದೆ. ಗನ್ನಿಗೊಂದು ಮಾಸ್ಕ್ ಎಂದು ಮೇಲಿನಿಂದಲೇ ಸುತ್ತೋಲೆ ಬಂದಿದೆ. ಬಕೆಟ್ಟಿಗೆ ಬಿದ್ದ ಬಣ್ಣವನ್ನು ಸೋಸಿ ಡಬ್ಬಿಗೆ ಸುರಿದರೆ ಮರುದಿನಕ್ಕೂ ಆಗುತ್ತದೆ. ಹಾಗಾಗಿ ಹೊಸದಾಗಿ ಬರುವ ಬಣ್ಣವೆಲ್ಲ ಉಳಿತಾಯ. ಈ ಉಳಿತಾಯವನ್ನು ನಿರ್ದೇಶಕರ ಮನೆಯ ಗೇಟು, ಕಾಂಪೌಂಡು, ಕಿಟಕಿ, ನಾಯಿಗೂಡುಗಳ ಮೇಲೆ ಸಾರ್ವಜನಿಕರು ಯಾವಾಗ ಬೇಕಾದರೂ ಪರಿಶೀಲಿಸಬಹುದು. ಅದನ್ನು ಅವರ ಬಾಮೈದ ಕುಂಚದಲ್ಲೇ ಹಚ್ಚಿದ. ಮನೆಯವರ ಆರೋಗ್ಯದ ದೃಷ್ಟಿಯಿಂದ ಗನ್ನು ಬೇಡವೆಂದರಂತೆ.

ಬಣ್ಣದಕ್ಕ ಮಾತ್ರ ಕೆಲಸದಲ್ಲಿ ಲೋಪ ಮಾಡಿದವಳಲ್ಲ. ದಿನವೂ ಒಂದು ಬೀದಿಗೆ ಗಾಡಿಯಲ್ಲಿ ಕಂಪ್ರೆಸರ್ ತಳ್ಳಿಕೊಂಡು ಹೋಗುತ್ತಾಳೆ. ಜನರನ್ನು ದೂರ ನಿಲ್ಲಿಸುತ್ತಾಳೆ, ಮೇಲಿನಿಂದ ಕೆಳಕ್ಕೆ ಒಂದು ಸಾಲಿನ ಮೇಲೆ ಇನ್ನೊಂದು ಸಾಲು ಅರ್ಧ ಹಾಯುವಂತೆ ಕೈ ಆಡಿಸಿ ಬೆಂಚನ್ನು ಪೂರ್ತಿ ಮುಗಿಸುತ್ತಾಳೆ. ಎರಡು ಪದರ ಕೊಡದೆ, 'ಹಸಿ ಬಣ್ಣ' ಎಂಬ ಬೋರ್ಡ್ ತೂಗುಹಾಕದೆ ಬಿಟ್ಟವಳಲ್ಲ. ಕೆಲಸವಾದ ಮೇಲೆ ಕೊಳವೆ ಕಳಚಿ, ಟ್ರಿಗರ್ ಒತ್ತಿ ಉಳಿದ ಗಾಳಿ ಹೊರಬಿಟ್ಟು, ಆಮೇಲೆಯೇ ಗನ್ನು ತೊಳೆಯುತ್ತಾಳೆ. ಕೆಮ್ಮಿಲ್ಲ, ಗೊರಗೊರವಿಲ್ಲ. ದನಿ ಎಷ್ಟು ಚೊಕ್ಕಟವಾಗಿದೆಯೆಂದರೆ ಬೀದಿಯ ಆ ತುದಿಗೂ ಕೇಳುತ್ತದೆ. ಊರಿನವರೂ ಬೆಂಚುಗಳ ಪಕ್ಕದಲ್ಲಿ ನಿಂತು ಹರಟುವುದನ್ನು ರೂಢಿಮಾಡಿಕೊಂಡಿದ್ದಾರೆ. ನಿಂತರೆ ಸೊಂಟಕ್ಕೆ ಒಳ್ಳೆಯದಂತೆ.

ಮೊನ್ನೆ ಒಬ್ಬ ಮುದುಕರು, ಹೊರ ಊರಿನವರಿರಬೇಕು, ತುಕ್ಕು ಹಿಡಿದ ಬೆಂಚೊಂದರ ಮೇಲೆ ಉಸ್ಸೆಂದು ಕೂತುಬಿಟ್ಟರು. ಬಣ್ಣದಕ್ಕ ಗಾಡಿ ನಿಲ್ಲಿಸಿ, "ಅಜ್ಜಾ, ಹಸಿ ಬಣ್ಣ, ಬೋರ್ಡ್ ಕಾಣಿಸಲಿಲ್ವಾ?" ಎಂದಳು. ಮುದುಕರು ಎಗರಿ ನಿಂತರು. ಕತ್ತು ತಿರುಗಿಸಿ ಪಂಚೆಯ ಹಿಂಭಾಗ ನೋಡಿಕೊಳ್ಳಲು ಹೆಣಗಾಡಿದರು. ಆಗಲಿಲ್ಲ.

"ಸ್ವಲ್ಪ ನೋಡಮ್ಮ, ಬಹಳ ಹತ್ತಿದೆಯಾ?"

ಬಣ್ಣದಕ್ಕ ಅವರನ್ನು ಬೆಳಕಿಗೆ ತಿರುಗಿಸಿ, ಬಗ್ಗಿ, ಪಂಚೆಯನ್ನು ನಿಧಾನವಾಗಿ ಪರೀಕ್ಷಿಸಿದಳು.

"ಒಂದು ಪದರ ಹತ್ತಿದೆ," ಎಂದಳು. "ಎರಡನೇದು ಉಳ್ಕೊಂಡಿದೆ. ಮನೆಗೆ ಹೋಗಿ ಸೀಮೆಎಣ್ಣೆ ಹಾಕಿ ಉಜ್ಜಿ."

ಮುದುಕರು ಕ್ಷಮಿಸಮ್ಮ ಎಂದು ಕೈಮುಗಿದು, ಎರಡೂ ಅಂಗೈಗಳಿಂದ ಹಿಂಭಾಗ ಮರೆಮಾಡಿಕೊಂಡು, ಗೋಡೆಯ ಅಂಚಿನಲ್ಲೇ ಸರಸರ ಹೊರಟುಹೋದರು.