ಒಂಟಿಯವನು ಒಳ್ಳೆಯವನಾಗಲು ಹೊರಟಾಗ

ಒಂಟಿಯಾಗಿರುವವನು ಒಂದು ಕೆಟ್ಟ ಅಭ್ಯಾಸ ಬಿಡಲು ಹೊರಟರೆ ಏನಾದರೊಂದು ಎಡವಟ್ಟು ಆಗಿಯೇ ಆಗುತ್ತದೆ. ನನಗಂತೂ ಪ್ರತಿ ಸಲವೂ ಆಗಿದೆ. ಹೆಂಡತಿ ಇದ್ದಾಗ ಬಿಡಿಸುವ ಕೆಲಸ ಅವಳದು, ಬಿಟ್ಟೆನೆಂದು ಸುಳ್ಳು ಹೇಳುವ ಕೆಲಸ ನನ್ನದು. ಅವಳು ತೀರಿಕೊಂಡ ಮೇಲೆ ಎರಡೂ ಕೆಲಸ ನನ್ನ ತಲೆಗೇ ಬಂದವು. ಮಕ್ಕಳಿಲ್ಲ. ಚಾಮರಾಜಪುರಂನ ಒಂದು ವಠಾರದಲ್ಲಿ ಎರಡು ಕೋಣೆಯ ಮನೆ, ಕಚೇರಿಯಲ್ಲಿ ಗುಮಾಸ್ತೆಯ ಕೆಲಸ. ಅಕ್ಕಿಗೆ ಇನ್ನೂ ರೇಷನ್ ಇದ್ದ ಕಾಲ.

ನಸ್ಯ

ಹಳಬರಿಗೆ ನಸ್ಯದಿಂದ ಸೀನು ಬರುವುದಿಲ್ಲವೆನ್ನುತ್ತಾರೆ. ನನಗೆ ಬರುತ್ತಿತ್ತು, ಅದೂ ವಠಾರಕ್ಕೆಲ್ಲ ಕೇಳುವ ಹಾಗೆ. ಹೆಂಡತಿ ಎಷ್ಟು ಬೈದರೂ ಬಿಟ್ಟಿರಲಿಲ್ಲ. ಅವಳು ಹೋದ ಮೇಲೆ ಒಂದು ರಜೆಯ ದಿನ ಅವಳ ಪೆಟ್ಟಿಗೆ ತೆಗೆದು ಸೀರೆಗಳಿಗೆ ಬಿಸಿಲು ಕಾಣಿಸೋಣವೆಂದು ಹೊರಟೆ. ಕೈಯಲ್ಲಿದ್ದ ನಸ್ಯ ಅವಳ ರೇಷ್ಮೆ ಸೀರೆಯ ಮೇಲೆ ಚೆಲ್ಲಿತು. ಬೈಗುಳಕ್ಕಾಗಿ ಕಾದೆ. ಬರಲಿಲ್ಲ. ಆ ಕ್ಷಣವೇ ಎದ್ದು ಹೋಗಿ ಡಬ್ಬಿಯನ್ನು ಚರಂಡಿಗೆ ಎಸೆದೆ.

ಮರುದಿನ ಬೆಳಗ್ಗೆ ಯಾರೋ ಬಾಗಿಲು ಬಡಿಬಡಿದು ಎಬ್ಬಿಸಿದರು. ತೆಗೆದರೆ ವಠಾರದ ಮಾಲೀಕರ ತಾಯಿ. ಹಿಂದೆ ಮಾಲೀಕರು, ಅವರ ಹಿಂದೆ ಎದುರು ಮನೆಯವರು. ಎಲ್ಲರ ಮುಖವೂ ಬಿಳಿಚಿಕೊಂಡಿತ್ತು.

"ಇದ್ದೀರೇನಪ್ಪಾ?" ಎಂದರು ಅಜ್ಜಿ.

"ಇದ್ದೀನಲ್ಲಮ್ಮ. ಯಾಕೆ?"

"ದಿನಾ ನೀವು ಸೀನ್ತಿದ್ರಿ, ಅದನ್ನ ಕೇಳಿ ನಾನು ಏಳ್ತಿದ್ದೆ. ಇವತ್ತು ಸದ್ದೇ ಇಲ್ಲ. ಹಾಲಿನೋನು ಕೂಗಿ ಕೂಗಿ ಹೊರಟುಹೋದ. ಆಮೇಲೆ ನನಗೆ ಎದೆ ಡವಡವ ಅನ್ನೋಕೆ ಶುರುವಾಯ್ತು."

ನಸ್ಯ ಬಿಟ್ಟ ಸಂಗತಿ ಹೇಳಿದೆ. ನನ್ನ ಸೀನಿಗೆ ಕಾದುಕೊಂಡಿರುವವರು ಈ ಭೂಮಿಯ ಮೇಲೆ ಒಬ್ಬರಾದರೂ ಇದ್ದಾರಲ್ಲ ಎನಿಸಿತು. ಅಜ್ಜಿ ನನ್ನ ಬೆನ್ನು ಸವರಿದರು.

"ಬಿಟ್ಟಿದ್ದು ಒಳ್ಳೇದೇ ಕಣಪ್ಪಾ. ನಾಳೆಯಿಂದ ಆ ಹೊತ್ತಿಗೆ ಸುಮ್ಮನೆ ಒಂದ್ಸಲ ಜೋರಾಗಿ ಕೆಮ್ಮಿಬುಡಿ."

ಊರಿಗೆ ಹೋದ ನೆಂಟರು

ಒಬ್ಬನೇ ಮಾತಾಡಿಕೊಳ್ಳುವ ಅಭ್ಯಾಸ ಯಾವಾಗ ಹತ್ತಿತೋ ತಿಳಿಯದು. ಕಚೇರಿಯಲ್ಲಿ ಶಿರಸ್ತೇದಾರರು ಒಂದು ದಿನ ನನ್ನ ಮೇಜಿನ ಹತ್ತಿರ ನಿಂತು, "ಯಾರ ಜೊತೆ ರೀ ಮಾತು?" ಎಂದರು. ಸುತ್ತ ಯಾರೂ ಇರಲಿಲ್ಲ. ಅವತ್ತಿನಿಂದ ಮನೆಯಲ್ಲೂ ಬಾಯಿಗೆ ಬೀಗ ಹಾಕಿದೆ. ಒಲೆ ಉರಿಯುವ ಸದ್ದು, ಅನ್ನ ಕುದಿಯುವ ಸದ್ದು. ಸಂಜೆಗಳು ಇಷ್ಟು ಉದ್ದವಿರುತ್ತವೆಂದು ಆಗಲೇ ಗೊತ್ತಾದದ್ದು.

ಕೆಲವು ದಿನ ಕಳೆದು, ನಲ್ಲಿಯ ಹತ್ತಿರ ಪಕ್ಕದ ಮನೆಯ ಮೇಷ್ಟ್ರ ಹೆಂಡತಿ ಕೇಳಿದರು: "ನಿಮ್ಮ ನೆಂಟರು ಊರಿಗೆ ಹೋದ್ರಾ?"

"ಯಾವ ನೆಂಟರಮ್ಮ?"

"ಅದೇ ರೀ, ಸಂಜೆ ಹೊತ್ತು ಮಾತಾಡ್ತಿದ್ರಲ್ಲ. 'ಸಾರಿಗೆ ಉಪ್ಪು ಹಾಕಿದ್ರೋ ಇಲ್ವೋ, ಛತ್ರಿ ಎಲ್ಲಿ ಮರೆತು ಬಂದ್ರಿ' ಅಂತ. ನೀವು 'ಹಾಕಿದೆ ಕಣೇ, ಹುಡುಕ್ತೀನಿ ಕಣೇ' ಅಂತಿದ್ರಿ. ಗೋಡೆಯಾಚೆಗೆಲ್ಲ ಕೇಳೋದು."

ನನ್ನ ಕೊಡ ತುಂಬಿ ಹರಿಯುತ್ತಿತ್ತು. "ಹೂಂ, ಹೋದರು" ಎಂದೆ.

"ಒಳ್ಳೇದಾಯ್ತು ಬಿಡಿ," ಎಂದರು ಆಕೆ ದನಿ ತಗ್ಗಿಸಿ. "ಪಾಪ, ನಿಮ್ಮನ್ನ ಬಾಳಾ ಬೈತಿದ್ರು."

ಭಾನುವಾರದ ಊಟ

ಒಬ್ಬನಿಗಾಗಿ ಎಲೆ ಹಾಕುವುದೇನೆಂದು ಒಲೆಯ ಪಕ್ಕದಲ್ಲೇ ನಿಂತು, ಪಾತ್ರೆಯಿಂದಲೇ ತಿನ್ನುತ್ತಿದ್ದೆ. ಮೈ ಇಳಿಯಿತು. ಡಾಕ್ಟರು ಕೈ ನೋಡಿ, "ಔಷಧಿ ಬೇಡ. ವಾರಕ್ಕೊಮ್ಮೆಯಾದರೂ ಯಾರ ಜೊತೆಗಾದರೂ ಕೂತು ಊಟ ಮಾಡಿ" ಎಂದರು.

ಯಾರ ಜೊತೆಗೆ? ನಮ್ಮ ಕಚೇರಿಯ ಜವಾನರ ಮೇಲಿನ ದಫೇದಾರರು ನೆನಪಾದರು. ನಂಜನಗೂಡಿನ ಕಡೆಯ ಬೇಸಾಯದ ಮನೆತನ, ಮದುವೆಯಾಗಿರಲಿಲ್ಲ, ಒಂಟಿಕೊಪ್ಪಲಿನಲ್ಲಿ ಒಬ್ಬರೇ ಇದ್ದರು. ಪಾಪ, ಅವರಿಗೂ ಜೊತೆಯಾದೀತೆಂದು ಕರೆದೆ. ಬಂದರು. ಮುಂದಿನ ಭಾನುವಾರವೂ ಬಂದರು. ಆದರೆ ಮನುಷ್ಯ ಮಾತೇ ಆಡುತ್ತಿರಲಿಲ್ಲ. ನಾನು ಮಾಡಿದ ಹುಳಿಯನ್ನು ತಲೆ ಬಗ್ಗಿಸಿ ಉಂಡು, "ಬತ್ತೀನಿ ಸ್ವಾಮಿ" ಎಂದು ಎದ್ದುಹೋಗುತ್ತಿದ್ದರು. ಮಾತಿಗೆ ಮಾತು ಹುಡುಕಿ ನನಗೆ ಸಾಕಾಗುತ್ತಿತ್ತು. ಮಧ್ಯಾಹ್ನದ ನಿದ್ದೆಯೂ ಹೋಯಿತು. ಆದರೂ ಒಂಟಿ ಜೀವವೆಂದು ಬಿಡದೆ ಕರೆದೆ.

ಎಷ್ಟೋ ಭಾನುವಾರಗಳಾದ ಮೇಲೆ ಒಂದು ದಿನ ಅವರು ಎಲೆಯ ಮುಂದೆ ಹೊಟ್ಟೆ ಹಿಡಿದುಕೊಂಡು ಕೂತರು.

"ಸ್ವಾಮಿ, ಒಂದು ಮಾತು. ಬೇಜಾರು ಮಾಡ್ಕೋಬ್ಯಾಡಿ. ನಿಮ್ಮ ಹುಳಿ ಉಂಡ್ರೆ ನಂಗೆ ಹೊಟ್ಟೆನೋವು. ಭಾನುವಾರ ಮನೇಲಿ ಮುದ್ದೆ ಉಂಡು ಮಲಿಕ್ಕಳಾದು ಅಂದ್ರೆ ನಂಗೆ ಪ್ರಾಣ. ಪಾಪ, ನೀವು ಒಂಟಿ ಅಂತ ಬತ್ತಾ ಇವ್ನಿ."

"ಅಯ್ಯೋ! ನೀವು ಒಂಟಿ ಅಂತಲ್ಲವೇ ನಾನು ಕರೀತಿರೋದು!"

ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು. ಆ ಅಭ್ಯಾಸ ಅವತ್ತಿಗೇ ನಿಲ್ಲಿಸೋಣವೆಂದು ಒಪ್ಪಿಕೊಂಡು, ಎಷ್ಟೋ ಹಗುರಾಗಿ ಬೀಳ್ಕೊಂಡೆವು.

ಮುಂದಿನ ಭಾನುವಾರ ಬೇಕಾದಷ್ಟು ನಿದ್ದೆ ಮಾಡಬಹುದಾಗಿತ್ತು. ಮಲಗಿದೆ, ಬರಲಿಲ್ಲ. ಎದ್ದು ಕೂತೆ. ಸುಮ್ಮನೆ ಒಂದು ಸುತ್ತು ಹೋಗಿಬರೋಣವೆಂದು ಹೊರಟವನು ರೈಲ್ವೆ ಸ್ಟೇಷನ್ ದಾಟಿ ಒಂಟಿಕೊಪ್ಪಲಿಗೇ ಬಂದಿದ್ದೆ. ದಫೇದಾರರ ಬಾಗಿಲಿಗೆ ಬೀಗ. ಅವರ ಮೆಟ್ಟಿಲ ಮೇಲೆ ಕೂತು ಕಾದೆ. ಹೋಗಿಬರುವವರೆಲ್ಲ ಯಾರಿವನು ಎಂಬಂತೆ ನೋಡಿದರು. ಬಿಸಿಲು ಇಳಿಯಿತು. ಅವರು ಬರಲಿಲ್ಲ.

ಕಾಲೆಳೆಯುತ್ತ ಮನೆಗೆ ಬಂದರೆ ನನ್ನ ಜಗಲಿಯ ಮೇಲೆ ದಫೇದಾರರು ಮುಖ ಊದಿಸಿಕೊಂಡು ಕೂತಿದ್ದರು. ಕುಕ್ಕರಹಳ್ಳಿ ಕೆರೆಯ ಕಡೆಯಿಂದ ಬಂದಿದ್ದರಂತೆ, ಅದಕ್ಕೇ ದಾರಿಯಲ್ಲಿ ಸಿಕ್ಕಿರಲಿಲ್ಲ.

"ಎಲ್ಲಿಗೆ ಹೋಗಿದ್ರಿ ಸ್ವಾಮಿ? ಎಷ್ಟೊತ್ತಿಂದ ಕೂತಿವ್ನಿ!"

"ನಿಮ್ಮನೆ ಬಾಗಿಲಲ್ಲೇ ಕೂತಿದ್ದೆ. ನೀವ್ಯಾಕೆ ಬಂದ್ರಿ? ಮುದ್ದೆ ಉಂಡು ಮಲಗಬೇಕಾಗಿತ್ತಲ್ಲ?"

ಅವರು ಎದ್ದು ಪಂಚೆ ಕೊಡವಿದರು.

"ಉಂಡೆ, ಮಲಿಕ್ಕಂಡೆ. ಹೊಟ್ಟೆ ನೋಯ್ಲೇ ಇಲ್ಲ ಸ್ವಾಮಿ. ನಂಗೆ ಏನೋ ಆಗ್ಬುಟ್ಟದೆ ಅಂತ ಗಾಬರಿಯಾಗೋಯ್ತು. ಹುಳಿ ಮಿಕ್ಕಿದ್ರೆ ವಸಿ ಹಾಕಿ."