ಮೀನಿನ ತೊಟ್ಟಿಯ ತೂತಿನ ತಟ್ಟೆ

ದವಾಖಾನೆಯೆಂದರೆ ಅಳುವವರ ಜಾಗ ಅನ್ನುತ್ತಾರೆ. ಗಜೇಂದ್ರಗಡದಲ್ಲಿ ನಾನು ಕಂಪೌಂಡರ್ ಆಗಿದ್ದ ದವಾಖಾನೆಯಲ್ಲಿ ಮಾತ್ರ ನಗು ತಡೆದುಕೊಂಡು ಔಷಧ ಅಳೆಯುವುದೇ ನನಗೆ ದೊಡ್ಡ ಕೆಲಸವಾಗಿತ್ತು. ಇದು ಐವತ್ತರ ದಶಕದ ಮಾತು. ಡಾಕ್ಟರು ಗಾಜಿನ ಮೀನಿನ ತೊಟ್ಟಿ ತಂದಿಟ್ಟ ಮೇಲಂತೂ ಒಂದು ವಾರ ಸುಮ್ಮನೆ ಕಳೆದದ್ದಿಲ್ಲ.

೧. ತಟ್ಟೆಯ ಪುರಾಣ

ತೊಟ್ಟಿ ತಂದವನು ಡಾಕ್ಟರ ಹೆಂಡತಿಯ ತಮ್ಮ, ಮುಂಬಯಿಯಲ್ಲಿ ನೌಕರಿಯವನು. ತೊಟ್ಟಿಯ ಜೊತೆ ಕೆಂಪು ಮೀನು ಬಂದವು, ಮೈತುಂಬ ತೂತಿದ್ದ ಒಂದು ಅಲ್ಯುಮಿನಿಯಂ ತಟ್ಟೆಯೂ ಬಂತು. ಆ ತಟ್ಟೆಯನ್ನು ತೊಟ್ಟಿಯ ತಳದಲ್ಲಿ ಸಣ್ಣ ಕಾಲುಗಳ ಮೇಲೆ ನಿಲ್ಲಿಸಿ, ಮೇಲೆ ಉಸುಕು ಹರಡಬೇಕು. ಮೂಲೆಯಲ್ಲಿ ಒಂದು ನಳಿಕೆ. ಅದರೊಳಗೆ ಗಾಳಿ ಬಿಟ್ಟರೆ ಗುಳ್ಳೆಗಳ ಜೊತೆ ತಟ್ಟೆಯ ಕೆಳಗಿನ ನೀರು ಮೇಲೇರುತ್ತದೆ, ಮೇಲಿನ ನೀರು ಉಸುಕಿನಲ್ಲಿ ಸೋಸಿಕೊಂಡು ಕೆಳಗಿಳಿಯುತ್ತದೆ. ನೀರು ಬದಲಿಸುವ ಕೆಲಸವೇ ಇಲ್ಲ ಎಂದು ಡಾಕ್ಟರು ಬಂದವರಿಗೆಲ್ಲ ಹೇಳಿದ್ದೇ ಹೇಳಿದ್ದು.

ಡಾಕ್ಟರ ಹೆಂಡತಿಯನ್ನು ನಾವೆಲ್ಲ ಅಕ್ಕಾರು ಅನ್ನುತ್ತಿದ್ದೆವು. ದವಾಖಾನೆಯ ಹಿಂದೆಯೇ ಮನೆ; ಅವರು ಒಳಗಿನಿಂದಲೇ ಕೇಳಿದರು: "ನಮ್ಮ ಹಿತ್ತಲ ಬಾವ್ಯಾಗ ಮಾವನೋರ ಕಾಲದಿಂದ ಮೀನ ಅದಾವು. ಅಲ್ಲೆ ಯಾರ್ರಿ ತಟ್ಟಿ ಹಾಸ್ಯಾರ?"

ಬಾಯಲ್ಲಿ ಥರ್ಮಾಮೀಟರ್ ಇಟ್ಟುಕೊಂಡು ಕೂತಿದ್ದ ಜ್ವರದವನು ಅದನ್ನು ತೆಗೆದು, "ಅಕ್ಕಾರು ಅನ್ನೂದು ಖರೇ ಐತ್ರಿ" ಎಂದು ಹೇಳಿ ಮತ್ತೆ ಬಾಯಿಗಿಟ್ಟುಕೊಂಡ.

೨. ಪಕ್ಕಾ ಬಣ್ಣ

ಉಸುಕನ್ನು ಕೊಣ್ಣೂರಿನ ಹೊಳೆಯಿಂದ ತರಿಸಿದೆವು. ಅದು ರವೆಯಷ್ಟು ಸಣ್ಣ. ಸುರಿದಷ್ಟೂ ತೂತಿನಿಂದ ಕೆಳಗಿಳಿಯಿತು. ಆಗ ಪಕ್ಕದ ಮನೆಯ ನೇಕಾರ, "ತಟ್ಟಿ ಮ್ಯಾಲ ಅರಬಿ ಹಾಸ್ರಿ, ನೀರ ಇಳಿತೈತಿ, ಉಸುಕು ಇಳಿಯೂದಿಲ್ಲ" ಎಂದು ತನ್ನ ಮಗ್ಗದ ಕೆಂಪು ಸೀರೆಯ ತುಂಡನ್ನೇ ತಂದು ಹಾಸಿದ. ಬಣ್ಣ ಬಿಟ್ಟೀತು ಎಂದು ನಾನು ಅನುಮಾನಿಸಿದ್ದಕ್ಕೆ ಅವನಿಗೆ ಸಿಟ್ಟೇ ಬಂತು. "ನಮ್ಮ ಸೀರಿ ಹರದು ಚಿಂದಿ ಆದ್ರೂ ಬಣ್ಣ ಹೋಗೂದಿಲ್ಲ, ತಿಳೀತ?"

ಮರುದಿನ ಬಾಗಿಲು ತೆರೆದರೆ ತೊಟ್ಟಿಯ ನೀರು ಕುಂಕುಮ ಕಲಸಿದ ಹಾಗಿದೆ. ಕೆಂಪು ನೀರಿನಲ್ಲಿ ಕೆಂಪು ಮೀನು ಎಲ್ಲಿವೆಯೋ ಕಾಣಿಸದು. ನೇಕಾರನ ಸೀರೆ ಕೊಳ್ಳುವ ಗಿರಾಕಿಗಳೇ ನಾಲ್ಕು ಮಂದಿ ಔಷಧಕ್ಕೆಂದು ಬಂದು ಅಲ್ಲಿ ಕೂತಿದ್ದರು. ನೇಕಾರ ಬಂದು ನೋಡಿದ, ಗಾಜಿಗೆ ಮೂಗು ತಾಗಿಸಿ ಮತ್ತೊಮ್ಮೆ ನೋಡಿದ, ಆಮೇಲೆ ಸಮಾಧಾನದಿಂದ ಹೇಳಿದ:

"ಸೀರಿದಲ್ರಿ. ಮುಂಬೈ ಮೀನ ನೋಡ್ರಿ, ಬಣ್ಣ ಕಚ್ಚಾ ಇರ್ತೈತಿ."

೩. ಕರಾರು

ಆ ಬಣ್ಣ ಹೋಗಲಾಡಿಸಲು ಬಾವಿಯಿಂದ ಕೊಡದ ಮೇಲೆ ಕೊಡ ನೀರು ಸೇದಿ ಸುರಿದವರು ಅಕ್ಕಾರು. ಅರಬಿ ತೆಗೆದು ಉಸುಕಿನ ಬದಲು ದಪ್ಪ ಹರಳುಗಲ್ಲು ಹಾಕಿದ ಮೇಲೆ ಅವರು ಸೆರಗು ಸಿಕ್ಕಿಸಿ ಡಾಕ್ಟರ ಮುಂದೆ ನಿಂತರು. "ಬ್ಯಾಸಗಿ ಬಂತು. ಬಾವಿ ತಳ ಕಾಣಾಕ್ಹತ್ತೈತಿ. ನಿಮ್ಮ ತಟ್ಟಿ ನೀರ ಸ್ವಚ್ಛ ಇಟ್ರ ಚಲೋ. ಇನ್ನೊಮ್ಮೆ ನೀರ ಬದಲಿ ಮಾಡೂ ಪ್ರಸಂಗ ಬಂತಂದ್ರ, ಅವತ್ತ ಮೀನ ಬಾವಿಗೆ."

ಡಾಕ್ಟರು ಒಪ್ಪಿದರು, ಆದರೆ ಮುಖ ಸಣ್ಣದಾಯಿತು. ಬೆಳಿಗ್ಗೆ ಬಂದರೆ ಪೇಶಂಟರ ನಾಡಿಗಿಂತ ಮೊದಲು ಮೀನಿನ ಮುಖ ನೋಡುವ ಮನುಷ್ಯ ಅವರು. ಆಮೇಲೆ ದಿನಾ ನೀರನ್ನು ಗಾಜಿನ ಲೋಟದಲ್ಲಿ ತೆಗೆದು ಬೆಳಕಿಗೆ ಹಿಡಿದು ಪರೀಕ್ಷೆ ಮಾಡತೊಡಗಿದರು. ರಾಜೂರಿನಿಂದ ಬಂದ ಒಬ್ಬ ಮುದುಕಿ ಇದನ್ನೆಲ್ಲ ಬಹಳ ಹೊತ್ತು ನೋಡಿ ನನ್ನನ್ನು ಕರೆದು ಮೆಲ್ಲಗೆ ಕೇಳಿದಳು:

"ಯಪ್ಪಾ, ಈ ಮೀನಿಗೆ ಏನ ಜಡ್ಡೋ?"

"ಏನೂ ಇಲ್ಲಬೇ, ಆರಾಮ ಅದಾವು."

"ಆರಾಮ ಇದ್ರ ಮನಿಗೆ ಕಳಸ್ರಿ ಮತ್ತ. ಕುಂದ್ರಾಕ ನಮಗ ಜಾಗಾ ಇಲ್ಲ."

೪. ನರಗುಂದದ ಕೈಗುಣ

ಗುಳ್ಳೆ ಬರಬೇಕಾದರೆ ಗಾಳಿ ಬೇಕಲ್ಲ. ಅದಕ್ಕೆ ಸೈಕಲ್ ಅಂಗಡಿಯ ಸಾಹೇಬರು ಒಂದು ಹಳೆಯ ಲಾರಿ ಟ್ಯೂಬು ಕೊಟ್ಟಿದ್ದರು. ದಿನಾ ಬೆಳಿಗ್ಗೆ ಬಂದು ಅದಕ್ಕೆ ಪಂಪು ಹೊಡೆದರೆ, ಸಣ್ಣ ರಬ್ಬರು ನಳಿಕೆಯಿಂದ ಸಂಜೆಯತನಕ ಗಾಳಿ ಸೋರುತ್ತ ಇರುತ್ತಿತ್ತು. ಒಮ್ಮೆ ಸಾಹೇಬರು ಮದುವೆಗೆ ಹೋದರು. ಅಂಗಡಿ ನೋಡಿಕೊಳ್ಳಲು ನರಗುಂದದಿಂದ ಅವರ ಅಣ್ಣ ಬಂದರು. ಹುಟ್ಟಿದಾಗಿನಿಂದ ಪಂಕ್ಚರ್ ತೆಗೆದ ಕೈ.

ಅವರು ಪಂಪು ಹೊಡೆದು ಹೋದ ಮೇಲೆ ನೋಡಿದರೆ ಟ್ಯೂಬು ಕಲ್ಲಿನಂತೆ ಗಟ್ಟಿ, ತೊಟ್ಟಿಯಲ್ಲಿ ಒಂದು ಗುಳ್ಳೆಯೂ ಇಲ್ಲ. ಸಂಜೆಗೆ ನೀರು ಮಬ್ಬಾಯಿತು. ಮೀನುಗಳು ಮೇಲೆ ಬಂದು ಬಾಯಿ ತೆರೆಯುತ್ತಿದ್ದವು. ಡಾಕ್ಟರ ಬಾಯಿಯೂ ಹೆಚ್ಚುಕಡಿಮೆ ಹಾಗೇ ಇತ್ತು. ನಾನು ಅಂಗಡಿಗೆ ಓಡಿಹೋಗಿ ಕೇಳಿದರೆ ಆ ಹಿರಿಯರು ಗಡ್ಡ ನೀವಿಕೊಂಡು ನಕ್ಕರು.

"ನೀರಾಗ ಗುಳ್ಳಿ ಬರಾಕ್ಹತ್ತಿತ್ತು. ಒಂದ ನೋಟಕ್ಕ ಹಿಡದೆ. ಪ್ಯಾಚ್ ಹಚ್ಚೀನಿ. ನಿಮ್ಮ ಡಾಕ್ಟರಿಗೆ ಹೇಳ್ರಿ, ಇದಕ್ಕ ರೊಕ್ಕ ಬ್ಯಾಡ."

೫. ಪಂಚಮಿ ಉಂಡಿ

ಪ್ಯಾಚು ಕಿತ್ತ ಮರುದಿನವೇ ನೀರು ಕನ್ನಡಿಯಂತಾಯಿತು. "ನೋಡು, ತಟ್ಟಿ ಮಹಿಮಾ" ಎಂದು ಡಾಕ್ಟರು ಬೀಗಿದರು. ಬೇಸಿಗೆ ಕಳೆಯಿತು, ಮಳೆ ಬಂತು, ಮೀನು ತೊಟ್ಟಿಯಲ್ಲೇ ಉಳಿದವು.

ಪಂಚಮಿಗೆ ಅಕ್ಕನನ್ನು ರೋಣದ ತವರಿಗೆ ಕರೆದೊಯ್ಯಲು ಮುಂಬಯಿಯ ತಮ್ಮ ಬಂದ. ಅಕ್ಕಾರು ಬುಂದಿ ಉಂಡಿ ತಂದಿಟ್ಟರು. ಅವನು ಎರಡನೆಯದಕ್ಕೆ ಕೈಹಾಕಿದಾಗ ಡಾಕ್ಟರು ಎದೆಯುಬ್ಬಿಸಿ, "ಬ್ಯಾಸಗಿ ಪೂರ್ತಿ ನೀರ ಬದಲಿ ಮಾಡಿಲ್ಲಪ್ಪಾ, ಎಲ್ಲಾ ನಿನ್ನ ತಟ್ಟೀದ ಉಪಕಾರ" ಎಂದರು.

ತಮ್ಮ ಹುಬ್ಬೇರಿಸಿದ. "ಆಶ್ಚರ್ಯ ಐತ್ರಿ ಮಾಮಾ. ಮುಂಬೈದಾಗ ನನ್ನ ತೊಟ್ಟಿಗೂ ಇಂಥಾದ್ದ ಇತ್ತು, ತಗದ ಒಗದೆ. ತಳಕ್ಕ ಹೊಲಸು ಕೂಡತೈತ್ರಿ. ನೋಡೂಣು ತಡೀರಿ." ತೋಳು ಮಡಚಿ ಹರಳಿನೊಳಗೆ ಕೈಯಿಟ್ಟ. ಆ ಮೂಲೆ ತಡಕಿದ, ಈ ಮೂಲೆ ತಡಕಿದ. "ಮಾಮಾ, ತಟ್ಟಿನ ಇಲ್ರಿ ಇಲ್ಲೆ."

ಅಡಿಗೆಮನೆಯಿಂದ ಅಕ್ಕಾರು ಹೇಳಿದರು: "ಅದು ಇಲ್ಲೆ ಒಲಿ ಕಡೆ ಐತಿ. ನಮ್ಮ ಬುಂದಿ ಕರಿಯೂ ಝಾರಿ ನೇಕಾರರ ಮನ್ಯಾಗ ಉಳೀತು. ಬುಂದಿ ಕಾಳು ಉದರ್ಸಾಕ ತೂತು ಬರೋಬ್ಬರಿ ಅದಾವಂತ ಮೊನ್ನೆ ನೀರ ಬದಲಿಸೂವಾಗ ತಗದೆ."

"ನೀರ ಬದಲಿಸೂವಾಗ?"

"ಮತ್ತ? ನೀವು ಹಳ್ಳಿಗೆ ಪೇಶಂಟರನ್ನ ನೋಡಾಕ ಹೋದಾಗೆಲ್ಲ ಬದಲಿಸೀನಿ. ಇಲ್ಲಾಂದ್ರ ಬದಕತಿದ್ವೇನ್ರಿ ಅವು?"

"ಬದಲಿಸಿದ್ರ ಬಾವಿಗೆ ಅಂತ ಕರಾರು ಹಾಕಿದಾಕಿ ನೀನ ಅಲ್ಲೇನು?"

ಅಕ್ಕಾರು ಬಾಗಿಲಿಗೆ ಬಂದರು, ಆದರೆ ಗಂಡನ ಮುಖ ನೋಡಲಿಲ್ಲ. "ಹಾಕಿದ್ದೆ. ಬಾವ್ಯಾಗ ಬಿಟ್ಟ ಮ್ಯಾಲ ನಮ್ಮವು ಯಾವು ಅಂತ ಗುರ್ತ ಹತ್ತಬೇಕಲ್ರಿ. ನೀವು ಬೇರೆ ದಿನಾ ಬಗ್ಗಿ ನೋಡಿ ಬಾವ್ಯಾಗ ಬಿದ್ದಗಿದ್ದೀರಿ." ಡಾಕ್ಟರ ಕಣ್ಣು ತುಸು ಒದ್ದೆಯಾದದ್ದನ್ನು ನಾನು ಕಂಡೆ. ನನಗೂ ಅಕ್ಕಾರ ಮೇಲೆ ಬಹಳ ಪ್ರೀತಿ ಬಂತು.

ತಮ್ಮ ಮಾತ್ರ ಬಾಯಲ್ಲಿದ್ದ ಉಂಡಿಯನ್ನು ನುಂಗಲಾರದೆ ಉಗುಳಲಾರದೆ ಕೂತಿದ್ದ. "ಅಕ್ಕಾ, ತಟ್ಟಿ ತೊಳದಿದ್ದಿ ಹೌದಿಲ್ಲೊ?"

"ಬೂದಿ ಹಚ್ಚಿ ತಿಕ್ಕೀನಿ. ಸುಮ್ನ ತಿನ್ನು."

ಡಾಕ್ಟರು ಒಂದು ಉಂಡಿ ತೆಗೆದುಕೊಂಡು, ಬುಂದಿ ಕಾಳುಗಳನ್ನು ತಿರುಗಿಸಿ ತಿರುಗಿಸಿ ನೋಡಿ, ಬಾಯಿಗಿಟ್ಟು ನಿಧಾನವಾಗಿ ಅಗಿದರು. ಆಮೇಲೆ ನನ್ನ ಕಡೆ ತಿರುಗಿದರು.

"ಕಂಪೌಂಡರ್, ಇನ್ನ ಮ್ಯಾಲ ಯಾರರ ಕೇಳಿದ್ರ ಧೈರ್ಯದಿಂದ ಹೇಳು. ತಟ್ಟಿ ಬೇಕ ಬೇಕು."

"ಮೀನಿಗೇನ್ರಿ?"

"ಉಂಡಿಗೆ."